ಬೆಕ್ಕು ಗಾಳಿಮರೀನ ಬಾಯಲ್ಲಿ ಕಚ್ಕೊಂಡು ಓಡಿದ್ದು

ಭೂಮಿ ಆಗಿನ್ನೂ ಹಸಿ ಮಡಕೆ ಕಣವ್ವ. ಒಣಗಿರ್ಲಿಲ್ಲ, ಸುಟ್ಟಿರ್ಲಿಲ್ಲ. ಕಾಗೆ ಕೂತ್ರೆ ಕಾಗೆ ಕಾಲಿನ ಗುರುತು, ಹಸ ಮಲಗಿದ್ರೆ ಹಸದ ಹೊಟ್ಟೆ ಅಗಲದ ಹಳ್ಳ. ಬೆಟ್ಟಕ್ಕೆ ಬಾಯಿತ್ತು, ಮೋಡಕ್ಕೆ ಬಾಯಿತ್ತು. ಗಾಳಿಗಂತೂ ಬಾಯಿ ಮುಚ್ಚೋ ಅಭ್ಯಾಸನೇ ಇರ್ಲಿಲ್ಲ.

ಆವಾಗ ಬೆಕ್ಕು ಓಡ್ತಿರ್ಲಿಲ್ಲ.

ನಗಬ್ಯಾಡ. ಈಗ ನಿನ್ನ ಬೆಕ್ಕು ಸಂಜೆ ಆದ್ರೆ ಬಾಲಾನ ಪೊರಕೆ ಮಾಡ್ಕೊಂಡು ಮಂಚದಿಂದ ಕಿಟಕಿಗೆ, ಕಿಟಕಿಯಿಂದ ನಿಮ್ಮಜ್ಜಿ ಮಡ್ಲಿಗೆ, ಅಲ್ಲಿಂದ ಬೀರು ಮೇಲಕ್ಕೆ ಹಾರ್ತದಲ್ಲ, ಹುಚ್ಚು ಹಿಡೀತು ಅಂತೀಯಲ್ಲ, ಅದು ಹುಚ್ಚಲ್ಲ. ಯಾಕೆ ಅಂತ ನಂಗೊತ್ತು. ನಿಮ್ಮ ಮೇಷ್ಟ್ರಿಗೆ ಗೊತ್ತಿಲ್ಲ, ಕೇಳಿ ನೋಡು. ನಾನು ಮೂರನೇ ಕ್ಲಾಸಲ್ಲೇ ಸ್ಲೇಟು ಬಿಸಾಕಿ ಬಂದೋನು, ಆದ್ರೂ ನಂಗೊತ್ತು. ಯಾಕಂದ್ರೆ ಇದು ನಮ್ಮ ಮನೇಲೇ ನಡೆದಿದ್ದು.

ನನ್ನ ತಾತ, ಅವ್ನ ತಾತ, ಅವ್ನ ತಾತ, ಹಿಂಗೇ ಎಣಿಸ್ಕೊಂಡು ಹೋಗು. ಕೈಬೆರಳು ಮುಗಿದು ಕಾಲ್ಬೆರಳೂ ಮುಗಿದ ಮೇಲೆ ಒಬ್ಬ ಸಿಗ್ತಾನೆ. ಅವ್ನ ಹೆಸರು ಹಲಗಯ್ಯ. ಭೂಮಿ ಮೇಲೆ ಮೊದಲು ರಾಗಿ ತೂರಿದೋನು ಅವ್ನೇ. ಅವ್ನ ಹೆಂಡ್ತಿ ಹೊಂಬಾಳಕ್ಕ. ಅವ್ರ ಮನೇಲಿ ಒಂದು ಬೆಕ್ಕು. ಹಗಲೂ ರಾತ್ರಿ ಒಲೆ ಬೂದೀಲಿ ಬಿದ್ದಿರ್ತಿತ್ತು ಅಂತ ಅದ್ರ ಹೆಸರು ಬೂದಿ. ಮೂರು ಮರಿ ಹಾಕಿತ್ತು. ಒಲೆಯಿಂದ ಮರಿ ಹತ್ರ ಹೋಗಕ್ಕೆ ಅರ್ಧ ದಿನ ತಗೊಳ್ತಿತ್ತು, ಅಷ್ಟು ನಿಧಾನ.

ರಾಗಿ ತೂರೋದು ಅಂದ್ರೆ ಗೊತ್ತಾ? ಈಗಿನೋರು ಮಿಷನ್ನಿಗೆ ಹಾಕ್ತಾರೆ, ನಿಂಗೆಲ್ಲಿ ಗೊತ್ತಿರ್ತದೆ. ಕಣದಲ್ಲಿ ರಾಗಿ ಬಡಿದ ಮೇಲೆ ಕಾಳು ಹೊಟ್ಟು ಎರಡೂ ಕಲಸ್ಕೊಂಡಿರ್ತದೆ. ಎತ್ತರದ ಮಣೆ ಮೇಲೆ ನಿಂತು ಮೊರದಲ್ಲಿ ಎತ್ತಿ ಹಿಡಿದು ಸುರೀಬೇಕು. ಗಾಳಿ ಬಂದು ಹೊಟ್ಟು ಹೊತ್ಕೊಂಡು ಹೋಗ್ತದೆ, ಕಾಳು ನೆಟ್ಟಗೆ ಕೆಳಕ್ಕೆ ಬೀಳ್ತದೆ. ನನ್ನಂಗೆ ತೂರೋನು ಈ ಏಳೂರಲ್ಲಿ ಹುಟ್ಟಿಲ್ಲ ಬುಡು. ಆದ್ರೆ ಗಾಳಿ ಇಲ್ದಿದ್ರೆ ನಾನೂ ಮಣೆ ಮೇಲೆ ನಿಂತ ಗೂಬೆನೇ.

ಅದ್ಕೆ ಹಲಗಯ್ಯ ಮಣೆ ಹತ್ತಿ ಸಿಳ್ಳೆ ಹೊಡೆದು ಕೂಗೋನು:

“ಬಾರೆ ಗಾಳವ್ವ ಬಾರೆ! ಹೊಟ್ಟು ನಿಂದು, ಕಾಳು ನಂದು!”

ಗಾಳವ್ವ ಬರೋಳು. ಸೊಂಟದ ಮೇಲೆ ಕೂಸು ಎತ್ಕೊಂಡು ಬರೋಳು. ಮರಿಗಾಳಿ ಅದು, ಇನ್ನೂ ಹಲ್ಲು ಬಂದಿಲ್ಲ. ಅವ್ವ ತೂರ್ತಿದ್ರೆ ಮರಿಗಾಳಿ ಹೊಟ್ಟಿನ ಗುಡ್ಡೇಲಿ ಗಿರಗಿರ ಅಂತ ಆಡ್ಕೊಂಡಿರೋದು. ಕೆಲಸ ಆದ ಮೇಲೆ ಗಾಳವ್ವ ಹೊಟ್ಟು ತಗೊಂಡು ಹೋಗೋಳು. ಮಾತು ಅಂದ್ರೆ ಮಾತು. ಹೊಟ್ಟು ಅವ್ಳಿಗೆ, ಕಾಳು ನಮಗೆ.

ಒಂದು ದಿನ ಗಾಳವ್ವ ಬರೋದು ತಡ ಆಯ್ತು. ಕೆರೆ ಏರಿ ಮೇಲೆ ಯಾರೋ ಬಾಣಂತಿ ಬಟ್ಟೆ ಹರಡಿದ್ಲು, ಒಣಗಿಸ್ಕೊಟ್ಟು ಬರಾಣ ಅಂತ ನಿಂತಿದ್ಲು, ಅಷ್ಟೇ. ಹಲಗಯ್ಯ ಮಣೆ ಮೇಲೆ ನಿಂತ, ಮೊರ ಎತ್ತಿ ಹಿಡಿದ, ಕೈ ಸೋತೋಯ್ತು. ನಮ್ಮ ವಂಶಕ್ಕೆ ಮೂಗಿನ ತುದೀಲಿ ಸಿಟ್ಟು.

“ನಾನು ಹಲಗಯ್ಯ! ನಾನು ಕರೆದು ನಾನೇ ಕಾಯ್ಬೇಕಾ?” ಅಂದ.

ಆಮೇಲೆ ಗಾಳವ್ವ ಬಂದ್ಲು, “ತಡ ಆಯ್ತಪ್ಪ” ಅಂದ್ಲು, ಕೂಸನ್ನ ಕೆಳಗೆ ಬುಟ್ಟು ಕೆಲಸಕ್ಕೆ ನಿಂತ್ಲು. ಹಲಗಯ್ಯನ ತಲೇಲಿ ಒಂದು ಯೋಚ್ನೆ ಹುಟ್ತು. ಅವ್ನಿಗೆ ಎಲ್ಲಾನೂ ಕೂಡಿಡೋ ಚಾಳಿ. ರಾಗಿ ಕೂಡಿಡ್ತಾನೆ, ಹುರುಳಿ ಕೂಡಿಡ್ತಾನೆ, ಗಾಳಿನೂ ಯಾಕೆ ಕೂಡಿಡಬಾರ್ದು?

ಮನೇಲಿ ವಾಡೆ ಇತ್ತು. ಕಾಳು ತುಂಬೋ ಮಣ್ಣಿನ ದೊಡ್ಡ ಗಡಿಗೆ ಅದು, ನೀನು ಒಳಗೆ ನಿಂತ್ರೆ ತಲೆ ಕಾಣಲ್ಲ. ಗಾಳವ್ವ ಆ ಕಡೆ ತಿರುಗಿದ್ದಾಗ ಹಲಗಯ್ಯ ಕಣದಿಂದ ಎರಡು ಮೊರ ಹೊಟ್ಟು ತಂದು ಅದ್ರೊಳಕ್ಕೆ ಸುರಿದ, ಮರಿಗಾಳಿ ಹೊಟ್ಟಿನ ಹಿಂದೇ ಬಂತು. “ಬಾ ಕೂಸೇ, ಇಲ್ಲಿ ಆಡ್ಕೋ” ಅಂದ. ಮರಿಗಾಳಿಗೆ ಏನು ತಿಳೀತದೆ, ಗಿರಗಿರ ಅಂತ ಒಳಕ್ಕೆ ಇಳೀತು. ಹಲಗಯ್ಯ ಟಪ್ ಅಂತ ಮುಚ್ಚಳ ಮುಚ್ದ. ಸುತ್ತ ಸಗಣಿ ಮೆತ್ತಿ, ಕಾಳು ಮುಚ್ಚೋ ಹಂಗೇ ಮುಚ್ಚಿಬುಟ್ಟ.

ಹೊಂಬಾಳಕ್ಕ ನೀರು ತಂದೋಳು ನೋಡಿದ್ಲು. “ರಾಗಿ ಇನ್ನೂ ಕಣದಲ್ಲೇ ಐತೆ. ವಾಡೆಗೆ ಏನು ತುಂಬಿ ಮೆತ್ತಿದ್ದೀಯ?”

“ಗಾಳಿ ಕಣೆ. ಇನ್ಮೇಲೆ ನಮ್ಮನೆ ಗಾಳಿ ನಮ್ಮನೇಲೇ.”

“ನಿನ್ನ ತಲೇಲಿ ತುಂಬಿರೋದು ಸಾಲ್ದಾಗಿತ್ತಾ?” ಅಂದ್ಲು. ತಮಾಷೆ ಅಂದ್ಕೊಂಡು ಸುಮ್ಮನಾದ್ಲು.

ಗಾಳವ್ವ ತಿರುಗಿ ನೋಡ್ತಾಳೆ, ಕೂಸಿಲ್ಲ. ಹೊಟ್ಟಿನ ಗುಡ್ಡೆ ಕೆದಕಿದ್ಲು. ಬಾವಿ ಬಗ್ಗಿ ನೋಡಿದ್ಲು. ಮರದ ಪೊಟರೆ, ಬಿದಿರು ಮೆಳೆ, ಹುತ್ತದ ಬಾಯಿ, ಎಲ್ಲಾ ಕಡೆ “ಕೂಸೇ, ಕೂಸೇ” ಅಂತ ಕೂಗಿದ್ಲು. ಸಿಗ್ಲಿಲ್ಲ. ಕೊನೆಗೆ ಊರಾಚೆ ಕಲ್ಲುಗುಡ್ಡದ ಮೇಲೆ ತಲೆ ಮೇಲೆ ಸೆರಗು ಹಾಕ್ಕೊಂಡು ಕೂತ್ಬುಟ್ಲು. ಕೂತೋಳು ಏಳ್ಲಿಲ್ಲ.

ಲೋಕದಲ್ಲಿ ಗಾಳಿ ನಿಂತೋಯ್ತು. ಎಲೆ ಅಲ್ಲಾಡ್ಲಿಲ್ಲ. ಒಲೆ ಹೊಗೆ ಮನೆಯೊಳಗೇ ನಿಂತು ಎಲ್ಲರ ಕಣ್ಣೂ ಕೆಂಪಾದ್ವು. ಹದ್ದು ಪಾಪ, ಹಾರಕ್ಕಾಗ್ದೆ ದಾರೀಲಿ ಕೋಳಿ ಹಿಂದೆ ನಡ್ಕೊಂಡು ಹೋಗ್ತಿತ್ತು.

ಒಂದು ಮೋಡ ಬಂದಿದ್ದು ಕಣದ ಮೇಲೇ ಸಿಕ್ಹಾಕ್ಕೊಂಡ್ತು. ದಿನಕ್ಕಿಷ್ಟು ದಪ್ಪ ಆಯ್ತು, ಕಪ್ಪಗಾಯ್ತು.

“ಹಲಗಣ್ಣ, ನನ್ನನ್ನ ತಳ್ಳೋರೇ ಇಲ್ಲ ಕಣಣ್ಣ. ಭಾರ ತಡಿಯಕ್ಕಾಗ್ತಿಲ್ಲ. ಇಲ್ಲೇ ಸುರಿಸ್ಬುಡ್ಲಾ?” ಅಂತು.

“ಅಯ್ಯೋ, ತಡ್ಕೊಳಪ್ಪ! ಕೆಳಗೆ ನನ್ನ ವರ್ಷದ ರಾಗಿ ಐತೆ!”

“ಇವತ್ತು ಸಂಜೆ ಗಂಟ ತಡ್ಕೊಳ್ತೀನಿ. ಆಮೇಲೆ ನನ್ನ ಬೈಬ್ಯಾಡ.”

ಇತ್ತ ಬೂದಿ ಬೆಕ್ಕು ಮೂರು ದಿನದಿಂದ ಬೂದೀಲಿ ಮಲಗ್ತಿರ್ಲಿಲ್ಲ. ವಾಡೆ ಪಕ್ಕ ಕೂತು, ಮಣ್ಣಿಗೆ ಕಿವಿ ಹಚ್ಚಿತ್ತು. ಹಲಗಯ್ಯ ಒಳಕ್ಕೆ ಬಂದಿದ್ದೇ ಅಂತು, “ಒಳಗೆ ಅಳ್ತಾ ಐತೆ.”

“ಇಲಿ ಇರ್ಬೇಕು.”

“ಇಲಿ ಅತ್ರೆ ನಂಗೆ ಹಸಿವಾಗ್ತದೆ. ಇದು ಅತ್ರೆ ನನ್ನ ಮೊಲೆ ನೋಯ್ತದೆ. ಇದು ಯಾರದೋ ಕೂಸು.”

ಹೊಂಬಾಳಕ್ಕ ಕೈಲಿದ್ದ ಸೌಟು ಕೆಳಗಿಟ್ಲು. ಗಂಡನ ಮುಖ ನೋಡಿದ್ಲು. ಹಲಗಯ್ಯ ನೆಲ ನೋಡ್ದ.

“ದಿಟವಾಗ್ಲೂ ತುಂಬಿದ್ಯಾ? ಗಾಳವ್ವನ ಕೂಸನ್ನ?”

“ಬೇಕಾದಾಗ ತೆಗೆದು ತೂರ್ಕೊಳಾಣ ಅಂತ...”

“ಥೂ ನಿನ್ನ! ಗಾಳಿ ಅಂದ್ರೆ ಓಡಾಡೋದು. ನಿಂತ್ರೆ ಅದ್ರ ಉಸಿರೇ ನಿಂತೋಗ್ತದೆ. ತೆಗಿ ಮೊದಲು!”

ಹಲಗಯ್ಯ ಸಗಣಿ ಕೆರೆದು ಮುಚ್ಚಳ ತೆಗ್ದ. ಏನೂ ಬರ್ಲಿಲ್ಲ. “ಬಾ ಕೂಸೇ, ಬಾ” ಅಂದ. ಬರ್ಲಿಲ್ಲ. ಹೊಟ್ಟೆ ಗಂಟ ಬಗ್ಗಿ ಕೈ ಹಾಕ್ದ. ತಳದಲ್ಲಿ ಬೆರಳಿಗೆ ಸಣ್ಣಗೆ ಏನೋ ತಾಕ್ತು, ಜ್ವರದ ಮಗು ಉಸಿರಿನಂಗೆ. ಒಂದೆಳೆ ಹೊಟ್ಟೂ ಅಲ್ಲಾಡ್ಲಿಲ್ಲ. ಆ ಗಂಡಸು, ಅಷ್ಟು ಜೋರಿನ ಗಂಡಸು, ವಾಡೆ ಒಳಗೆ ತಲೆ ಇಟ್ಕೊಂಡು ಅತ್ತ. ನಮ್ಮ ವಂಶದಲ್ಲಿ ಅತ್ತೋನು ಅವ್ನೊಬ್ಬನೇ. ನಾನು ಅತ್ತಿಲ್ಲ. ನಿಮ್ಮಜ್ಜಿ ಏನಾದ್ರೂ ಹೇಳಿದ್ರೆ ಅದು ಈರುಳ್ಳಿ ಹೆಚ್ಚಿದ್ದು.

ಗುಡ್ಡದ ಮೇಲೆ ಅವ್ವ ಅವ್ಳೆ, ವಾಡೆ ತಳದಲ್ಲಿ ಕೂಸೈತೆ. ಆದ್ರೆ ಗಾಳೀನ ಹೊತ್ಕೊಂಡು ಹೋಗೋದು ಹೆಂಗೆ? ಹಲಗಯ್ಯ ಬೊಗಸೇಲಿ ಎತ್ತಕ್ಕೆ ನೋಡ್ದ, ಬೆರಳ ಸಂದೀಲಿ ಸೋರೋಯ್ತು. ಹೊಂಬಾಳಕ್ಕ ಸೆರಗಲ್ಲಿ ಕಟ್ಟಕ್ಕೆ ನೋಡಿದ್ಲು, ನೂಲಿನ ಸಂದೀಲಿ ಸೋರೋಯ್ತು. ಮೊರದಲ್ಲಿ ನಿಲ್ಲಲಿಲ್ಲ, ಜಾರಿ ತಳಕ್ಕೆ ಬಿತ್ತು.

“ಪಕ್ಕಕ್ಕೆ ಬನ್ನಿ,” ಅಂತು ಬೂದಿ.

ವಾಡೆ ಬಾಯಿಗೆ ಹತ್ತಿ ಒಳಕ್ಕೆ ಇಳೀತು. ಕತ್ಲು. ಮೂಸ್ಕೊಂಡು ಹೋಯ್ತು. ತನ್ನ ಮರೀನ ಎತ್ತೋ ಹಂಗೇ, ಹಲ್ಲು ತಾಕ್ದಂಗೆ, ಮರಿಗಾಳೀನ ಬಾಯಲ್ಲಿ ಎತ್ಕೊಂಡ್ತು. ಸ್ವಲ್ಪ ಹೊತ್ತಿಗೆ ಮೊದಲು ಎರಡು ಕಿವಿ ಬಂದ್ವು, ಆಮೇಲೆ ಮುಖ. ಕೆನ್ನೆ ಉಬ್ಬಿದ್ವು. ಮೀಸೆ ಗಡಗಡ ಅಂತಿದ್ವು.

ಹೊಂಬಾಳಕ್ಕ ಕೂಗಿದ್ಲು, “ಓಡೇ ನನ್ನವ್ವ! ಎಲ್ಲೂ ನಿಲ್ಲಬ್ಯಾಡ! ನೀನು ನಿಂತ್ರೆ ಅದ್ರ ಉಸಿರು ನಿಲ್ತದೆ!”

ಓಡು ಅಂದ್ರೆ? ಅದು ಯಾವತ್ತೂ ಓಡಿದ್ದೇ ಇಲ್ವಲ್ಲ! ಮೊದಲನೇ ಹೆಜ್ಜೆಗೇ ಸಾರಿಸಿದ ನೆಲದ ಮೇಲೆ ಜಾರಿ ಗೋಡೆಗೆ ಹೋಗಿ ಗುದ್ಕೊಂಡ್ತು. ಎದ್ದು ಅಡ್ಡಡ್ಡ ಓಡ್ತು. ಒಲೆ ಹಾರ್ತು. ಮೊರ ಕವುಚ್ತು. ಬಾಯಲ್ಲಿದ್ದ ಮರಿಗಾಳಿಗೆ ಓಡಿದಷ್ಟೂ ಜೀವ ಬಂತು, ಅದು ಬಲಕ್ಕೆ ಎಳೀತು, ಎಡಕ್ಕೆ ಎಳೀತು. ಬೂದಿ ಹಲಗಯ್ಯನ ಬೆನ್ನು ಹತ್ತಿ, ತಲೆ ಹತ್ತಿ, ಮನೆ ಮೂರು ಸುತ್ತು ಸುತ್ತಿದ ಮೇಲೆ ಬಾಗಿಲು ಸಿಕ್ತು. ಹಿಂಗೆ ಬೆಕ್ಕು ಓಡೋದು ಕಲಿತಿದ್ದೇ ಮನೆಯೊಳಗೆ.

ಕಣ ದಾಟ್ತು. ಹಳ್ಳ ಹಾರ್ತು. ಮುಳ್ಳು ಚುಚ್ತು, ನಿಲ್ಲಲಿಲ್ಲ. ಅಂಗಾಲು ಕಿತ್ತೋಯ್ತು, ನಿಲ್ಲಲಿಲ್ಲ. ಮೇಲಿಂದ ಮೋಡ “ಬೇಗ, ಬೇಗ, ಸಂಜೆ ಆಯ್ತು” ಅಂತಿತ್ತು. ಹಿಂದೆ ಹಲಗಯ್ಯ ಏದುಸಿರು ಬುಡ್ತಾ, ಬೀಳ್ತಾ ಏಳ್ತಾ ಬಂದ.

ಗುಡ್ಡದ ತುದೀಲಿ ಗಾಳವ್ವ ಕೂತಿದ್ಲು. ಬೂದಿ ಅವ್ಳ ಮಡ್ಲ ಮುಂದೆ ಬಾಯಿ ತೆಗೀತು.

ಫೂ...

ಮರಿಗಾಳಿ ಹೊರಕ್ಕೆ ಬಂತು. ಅವ್ವನ ಸೆರಗಿನ ತುದಿ ಅಲ್ಲಾಡ್ತು. ಗಾಳವ್ವ ಸೆರಗು ಸರಿಸಿ ನೋಡಿದ್ಲು, ಕೂಸನ್ನ ಬಾಚಿ ತಬ್ಕೊಂಡ್ಲು. ಆವಾಗ ಬೀಸ್ತು ನೋಡು ಗಾಳಿ! ಲೋಕದ ಎಲೆಯೆಲ್ಲಾ ಒಂದೇ ಸಲ ಚಪ್ಪಾಳೆ ಹೊಡೆದ್ವು.

ಹಲಗಯ್ಯ ನೆಲಕ್ಕೆ ಹಣೆ ಹಚ್ದ. “ತಪ್ಪಾಯ್ತು ತಾಯಿ. ರಾಗಿ ಹೋದ್ರೆ ಹೋಗ್ಲಿ. ನಿನ್ನ ಕೂಸು ಉಳೀತಲ್ಲ, ಅಷ್ಟು ಸಾಕು.”

“ಹೊಟ್ಟು ನಿಂದು ಕಾಳು ನಂದು ಅಂತಿದ್ದೆ. ನನ್ನ ಕೂಸನ್ನೂ ಕಾಳು ಅಂದ್ಕೊಂಡ್ಯೇನೋ, ಮುಚ್ಚಿಡಕ್ಕೆ?” ಅಂದ್ಲು ಗಾಳವ್ವ. ಅಷ್ಟೇ ಅಂದಿದ್ದು. ಕೂಸು ಸಿಕ್ಕ ತಾಯಿಗೆ ಸಿಟ್ಟಿಗೆ ಜಾಗ ಎಲ್ಲಿರ್ತದೆ. ಎದ್ದು ಹೋಗಿ ಮೋಡಾನ ಸೊಂಟದಲ್ಲಿ ಒಂದು ಸಲ ಒತ್ತಿ ಪಕ್ಕದೂರ ಒಣ ಕೆರೆ ಮೇಲಕ್ಕೆ ತಳ್ಳಿದ್ಲು. ಅವತ್ತೇ ಹಲಗಯ್ಯನ ರಾಗಿ ತೂರ್ಕೊಟ್ಲು. ಕೂಲಿ? ಅದೇ ಹೊಟ್ಟು. ಒಂದೆಳೆ ಜಾಸ್ತಿ ಕೇಳ್ಲಿಲ್ಲ.

ಆಮೇಲೆ ಬೂದಿ ಹತ್ರ ಬಂದು ಕೂತ್ಲು. “ನಿಂಗೆ ಏನು ಕೊಡ್ಲವ್ವ?”

“ಏನೂ ಬ್ಯಾಡ. ಕಾಲು ನೋಯ್ತವೆ. ಬೂದೀಲಿ ಮಲಗಬೇಕು,” ಅಂತು ಬೂದಿ. ಅನ್ನೋವಾಗ ಅದ್ರ ಗಂಟಲಲ್ಲಿ ಗುರ್ ಗುರ್ ಅಂತು. ಮರಿಗಾಳಿದು ಚೂರು ಉಸಿರು ಅಲ್ಲೇ ಉಳ್ಕೊಂಡಿತ್ತು.

ಗಾಳವ್ವ ಅದನ್ನ ವಾಪಸ್ ಕೇಳ್ಲಿಲ್ಲ. “ಇರ್ಲಿ, ಮಡಿಕ್ಕೋ. ಖುಷಿ ಆದಾಗೆಲ್ಲಾ ಮಾತಾಡ್ಸು,” ಅಂದ್ಲು.

ಮರಿಗಾಳಿ ಮಾತ್ರ ಹಟ ಹಿಡೀತು. “ಅವ್ವ, ನಾನು ಅದ್ರ ಜೊತೆ ಆಡ್ಬೇಕು. ಮತ್ತೆ ಓಡ್ಲಿ, ಅವ್ವ. ಮನೆಯೊಳಗೆ ಓಡಿತ್ತಲ್ಲ, ಹಂಗೇ!”

“ಆಯ್ತು. ದೀಪ ಹಚ್ಚೋ ಹೊತ್ತಲ್ಲಿ ನಾನು ಒಂದು ಗಳಿಗೆ ಕೂತು ಸುಧಾರಿಸ್ಕೊಳ್ತೀನಿ. ಆವಾಗ ಹೋಗಿ ಆಡ್ಕೊಂಡು ಬಾ. ನಾನು ಕೂಗಿದ ತಕ್ಷಣ ಓಡಿ ಬರ್ಬೇಕು.”

ಅವತ್ತಿಂದ ಹಲಗಯ್ಯ ವಾಡೆ ಮುಚ್ಚೋ ಮುಂಚೆ ಮೂರು ಸಲ ತಟ್ಟಿ “ಒಳಗೆ ಯಾರಿದ್ದೀರಪ್ಪ?” ಅಂತ ಕೇಳ್ತಿದ್ದ. ನಾನೂ ಕೇಳ್ತೀನಿ. ಹೊಸ ರಾಗಿ ಮುದ್ದೆ ಮಾಡಿದ ದಿನ ಮೊದಲ ತುತ್ತು ಹಾಲಲ್ಲಿ ಕಲಸಿ ಬೆಕ್ಕಿಗೆ, ಆಮೇಲೆ ನಂಗೆ. ನಾನು ಯಾರಿಗೂ ಬಗ್ಗೋನಲ್ಲ, ಕೇಳು ಊರೋರ್ನ. ಆದ್ರೆ ಆ ತುತ್ತು ಇಡೋವಾಗ ಬಗ್ತೀನಿ. ಇಷ್ಟು ವರ್ಷ ತೂರಿದ್ದು ನನ್ನ ಕೈ ಅಲ್ಲ ಕಣವ್ವ, ಗಾಳವ್ವನ ಮನಸ್ಸು. ನಾವು ಉಂಡಿದ್ದೆಲ್ಲಾ ಒಂದು ಬೆಕ್ಕಿನ ಕಿತ್ತೋದ ಅಂಗಾಲಿನ ಪುಣ್ಯ.

ಬೆಕ್ಕೂ ಮರ್ತಿಲ್ಲ. ಖಾಲಿ ಡಬ್ಬ, ಬುಟ್ಟಿ, ನಿನ್ನ ಇಸ್ಕೂಲ್ ಬ್ಯಾಗು, ಏನು ಕಂಡ್ರೂ ಒಳಕ್ಕೆ ಇಳಿದು ನೋಡ್ತದಲ್ಲ, ಯಾರ ಕೂಸಾದ್ರೂ ಸಿಕ್ಹಾಕ್ಕೊಂಡೈತಾ ಅಂತ ನೋಡ್ತದೆ.

ಇನ್ನು ನಾಳೆ ದೀಪ ಹಚ್ಚಿದ ಮೇಲೆ ನೋಡು. ನಿನ್ನ ಬೆಕ್ಕು ಏನೂ ಇಲ್ಲದ ಮೂಲೆ ಕಡೆ ಕಣ್ಣು ಅಗಲ ಮಾಡಿ ನೋಡ್ತದೆ, ಕಿವಿ ಹಿಂದಕ್ಕೆ ಮಾಡ್ತದೆ, ಆಮೇಲೆ ಅಡ್ಡಡ್ಡ ಹಾರಿ ಮನೆಯೆಲ್ಲಾ ಓಡಿ, ಇದ್ದಕ್ಕಿದ್ದಂಗೆ ನಡುಮನೇಲಿ ನಿಂತು, ಏನೂ ಆಗೇ ಇಲ್ಲ ಅನ್ನೋ ಹಂಗೆ ಅಂಗಾಲು ನೆಕ್ಕಕ್ಕೆ ಕೂರ್ತದೆ. ಬೈಬ್ಯಾಡ, ಕಿಟಕೀನ ನಾಲ್ಕು ಬೆರಳು ತೆಗೆದಿಡು. ಬೆಕ್ಕು ನಿಂತ ಆ ಗಳಿಗೇಲಿ ಗೋಡೆ ಮೇಲಿರೋ ಕ್ಯಾಲೆಂಡರ್ ಹಾಳೆ ಒಂದು ಸಲ ಅಲ್ಲಾಡ್ತದಲ್ಲ, ಅದೇ ಮರಿಗಾಳಿ, ಅವ್ವ ಕೂಗಿದ್ಲು ಅಂತ ಮನೆಗೆ ಓಡಿದ್ದು.