ಮಸಿಯ ಮೇಲಿನ ಗೆರೆ

"ಗುರುಗಳೇ, ನಿಮ್ಮ ಕತೆಗಳಿಗೆ ದಿನಕ್ಕೊಂದು ಬಾಲ ಬೆಳೆಯುತ್ತೆ. ಕಂಡದ್ದನ್ನ ಕಂಡಷ್ಟೇ ಹೇಳಿದ್ರೆ ಸಾಲದಾ?"

ಇಗರ್ಜಿಯಲ್ಲಿ ಜಪ ಕಲಿಸುವ ಕೆಲಸಕ್ಕೆ ಹೊಸದಾಗಿ ಸೇರಿದ್ದ ಬಸ್ತ್ಯಾಂವ್, ಅದೇ ಕೆಲಸದಲ್ಲಿ ಮುದುಕನಾಗಿದ್ದ ಉಪದೇಶಿಯನ್ನು ಹೀಗೆ ಕೇಳಿದ. ಉಪದೇಶಿ ಹೇಳಿದ:

ಹೊಳೆಯಾಚೆ ಒಂದು ಸಣ್ಣ ಇಗರ್ಜಿ ಇತ್ತು. ಸಣ್ಣದು ಅಂದ್ರೆ, ಪಾದ್ರಿ ಒಳಗೆ ಬಂದ್ರೆ ಅವರ ಹೊಟ್ಟೆ ಹೊರಗೆ. ಅಲ್ಲಿ ಮರದಲ್ಲಿ ಕೆತ್ತಿದ ಮಾತೆ ಮರಿಯಳ ಮೂರ್ತಿ. ದಿನಾ ದೀಪ ಹಚ್ಚುತ್ತಿದ್ದವ ಒಬ್ಬ ದೋಣಿಯವ. ಇಗರ್ಜಿ ಮುಚ್ಚಿ ಮಾತೆಯನ್ನ ಪೇಟೆಗೆ ಒಯ್ಯೋದು ಅಂತ ಮೇಲಿನವರು ತೀರ್ಮಾನ ಮಾಡಿದ್ರು. ಆ ವಾರ ಒಂದು ಬೆಳಿಗ್ಗೆ ಅವನು ಬತ್ತಿ ಸರಿಮಾಡುವಾಗ ಮಾತೆಯ ಕಣ್ಣಿಂದ ನೀರು ಇಳಿಯಿತು. ಒಂದೇ ಹನಿ. ಕೆನ್ನೆಗೆ ಹಿಡಿದಿದ್ದ ದೀಪದ ಮಸಿಯಲ್ಲಿ ಕೂದಲಷ್ಟು ಸಣ್ಣ ಗೆರೆ ಬಿತ್ತು.

ಊರವರು ಸುದ್ದಿ ಕಳಿಸಿದ್ರು. ಪರಂಗಿಯವರ ಗೋವೆಯಿಂದ ವಿಚಾರಣೆಗೆ ಒಬ್ಬ ಪಾದ್ರಿ ಬಂದ್ರು. ಅವರ ಗಡ್ಡ ಎತ್ತಿ ಹಿಡಿಯಲಿಕ್ಕೇ ಇಬ್ಬರು ಆಳು. ಪವಾಡ ಹೌದು ಅಂತ ಅವರು ಬರೆದರೆ ಮಾತೆ ಅಲ್ಲೇ ಉಳಿಯುತ್ತಾಳೆ.

ದೋಣಿಯವನಿಗೆ ಹೆದರಿಕೆ. ಒಂದು ಹನಿಗೆ ಇವರು ಎಲ್ಲಿ ಒಪ್ಪುತ್ತಾರೆ ಅಂತ. ಶಿಲುಬೆ ಮುಟ್ಟಿ ಆಣೆ ಮಾಡಿ, ನೀರು ಧಾರೆಯಾಗಿ ಹರಿದು ಕೊಡ ತುಂಬಿತು, ಅದನ್ನ ಕುಡಿದ ಕುಂಟನೊಬ್ಬ ಎದ್ದು ಓಡಿದ ಅಂದ. ಆ ಕುಂಟ ಎಲ್ಲಿ ಅಂತ ಕೇಳಿದ್ರೆ, ಓಡಿದವ ಇನ್ನೂ ನಿಂತಿಲ್ಲ ಅಂದ.

ಪಾದ್ರಿ ಎದ್ದು ಹೋಗಿ ಮಾತೆಯ ಕೆನ್ನೆ ಮೇಲೆ ಹೆಬ್ಬೆರಳು ಎಳೆದ್ರು. ಬೆರಳು ಕಪ್ಪಾಯಿತು.

"ಕೊಡ ತುಂಬುವಷ್ಟು ಹರಿದದ್ದು ಈ ಮಸಿ ತೊಳೀಲಿಲ್ಲವಾ?"

"ಒಂದೇ ಹನಿ, ಪಾದ್ರಿಗಳೇ. ನಿಜ ಅಷ್ಟೇ. ಅದರ ಗೆರೆ ಉಂಟು, ನೋಡಿ."

ನೋಡಿದ್ರೆ ಗೆರೆ ಇಲ್ಲ. ಪಾದ್ರಿಗಳ ಹೆಬ್ಬೆರಳು ಅದನ್ನ ಒರೆಸಿಬಿಟ್ಟಿತ್ತು. ಆಗ ಕೊಡ, ಈಗ ಹನಿ, ಇನ್ನು ಸ್ವಲ್ಪ ಹೊತ್ತು ಕೂತರೆ ಅದೂ ಒಣಗೀತು ಅಂತ ಅವರು ಕಾಗದ ಮಡಚಿದ್ರು.

ಮಾತೆಯನ್ನ ಹೊಳೆ ದಾಟಿಸಲಿಕ್ಕೆ ಅವನದೇ ದೋಣಿ. ಹುಟ್ಟು ಹಾಕ್ತಾ ದಾರಿಯುದ್ದಕ್ಕೂ ಆ ಮುಖವನ್ನೇ ನೋಡಿದ. ಯಾರೋ ಮಸಿಯೆಲ್ಲ ಚೆನ್ನಾಗಿ ತೊಳೆದಿದ್ದರು. ಆಚೆ ದಡ ಬಂತು. ಮಾತೆಯ ಕಣ್ಣು ಒಣಗಿಯೇ ಇತ್ತು.

ಬಸ್ತ್ಯಾಂವ್ ಓಡಿದ ಕುಂಟನನ್ನು ನೆನೆದು ಇನ್ನೂ ನಗುತ್ತಿದ್ದ. ಆಮೇಲೆ ಆ ದೋಣಿಯವ ಏನಾದ ಅಂತ ಕೇಳಿದ.

"ಹುಟ್ಟು ಬಿಟ್ಟು ಜಪ ಕಲಿಸುವ ಕೆಲಸಕ್ಕೆ ಸೇರಿದ ಮಾರಾಯ. ಈಗ ಅವ ಆ ಒಂದು ಹನಿಯ ಮಾತು ಹೇಳಿದ್ರೂ ನೀನು ನಗ್ತೀಯ."