ಹಲ್ಲಿ ನುಡಿಯಿತು
ತುಂಗಮ್ಮನ ನಡುಮನೆಯ ಗೋಡೆಯ ಹಲ್ಲಿಗೆ ಬಹಳ ಜಂಬ. ಯಾರು ಏನೇ ಮಾತಾಡುತ್ತಿರಲಿ, ಅದು ಲೊಚಗುಟ್ಟಿದರೆ ಸಾಕು, ತುಂಗಮ್ಮ ಬೆರಳಿನಿಂದ ನೆಲ ಕುಟ್ಟಿ, "ಕೃಷ್ಣ ಕೃಷ್ಣ! ಹಲ್ಲಿ ನುಡೀತು, ಈ ಮಾತು ಸತ್ಯ" ಎನ್ನುತ್ತಿದ್ದಳು.

"ಈ ಮನೆಯಲ್ಲಿ ನನ್ನ ಮಾತೇ ಕೊನೆ" ಎಂದು ಅದು ಮೂಲೆಯ ಜೇಡನಿಗೆ ಹೇಳಿತು.

"ನಿನ್ನೆ ತುಂಗಮ್ಮನ ಮಗಳ ಮದುವೆ ನಿಶ್ಚಯವಾಗುವಾಗ ನೀನು ನುಡಿದದ್ದೇನು?" ಎಂದು ಜೇಡ ಕೇಳಿತು.

"ಸೊಳ್ಳೆ ತಪ್ಪಿಸಿಕೊಂಡಿತು ಅಂದೆ. ಅವರು ಏನು ತಿಳಿದುಕೊಂಡರೆ ನನಗೇನು? ಕೇಳುತ್ತಾರಲ್ಲ, ಅಷ್ಟು ಸಾಕು."

ಅಷ್ಟರಲ್ಲಿ ತುಂಗಮ್ಮ ಗಂಡನಿಗೆ ಹೇಳಿದಳು: "ಮದುವೆಗೆ ಸುಣ್ಣ ಬಳಿಸೋ ಮುಂಚೆ ಈ ಜೇಡ, ಹಲ್ಲಿ ಎಲ್ಲಾ ಹೊರಗೆ ಹಾಕಬೇಕು ರೀ."

ಜೇಡ ಸದ್ದಿಲ್ಲದೆ ತೊಲೆಯ ಸಂದಿಗೆ ಸರಿಯಿತು. ಹಲ್ಲಿ ಮಾತ್ರ "ಬೇಡ! ಬೇಡ!" ಎಂದು ಲೊಚಗುಟ್ಟಿತು.

ತುಂಗಮ್ಮ ನೆಲ ಕುಟ್ಟಿದಳು. "ನೋಡಿದ್ರಾ, ಹಲ್ಲಿನೂ ನುಡೀತು" ಎಂದು ಪೊರಕೆ ಎತ್ತಿಕೊಂಡಳು.