ಚಿತ್ರದ ಕೊಡದಲ್ಲಿ ನೀರಿಲ್ಲ

ಇಟಲಿ ದೇಶದಲ್ಲಿ, ಸಮುದ್ರ ಕಾಣುವ ಗುಡ್ಡದ ನೆತ್ತಿಯ ಮೇಲೆ ಒಂದು ಪುಟ್ಟ ಊರಿತ್ತು. ದೂರದ ಒರತೆಯ ನೀರು ಕಲ್ಲಿನ ಕಮಾನುಗಳ ಮೇಲಿನ ಕಾಲುವೆಯಲ್ಲಿ ಊರಿಗೆ ಬರುತ್ತಿತ್ತು. ಒಮ್ಮೆ ಭೂಮಿ ನಡುಗಿ ಒಂದು ಕಮಾನು ಕುಸಿಯಿತು. ಅಂದಿನಿಂದ ಹೆಂಗಸರು ಕಣಿವೆಗಿಳಿದು, ತಲೆಯ ಮೇಲೆ ಕೊಡ ಹೊತ್ತು ಗುಡ್ಡ ಹತ್ತಬೇಕಾಯಿತು.

ಆಗಲೇ ಉತ್ತರ ದೇಶದ ಚಿತ್ರಕಾರನೊಬ್ಬ ಅಲ್ಲಿಗೆ ಬಂದ. ಸಂಜೆಯ ಹೊಂಬಿಸಿಲು, ಮುರಿದ ಕಮಾನು, ಅದಕ್ಕೆ ಹಬ್ಬಿದ ಬಳ್ಳಿ, ಕೊಡ ಹೊತ್ತ ಹೆಂಗಸರ ಸಾಲು, ಎಲ್ಲವನ್ನೂ ಬರೆದುಕೊಂಡು ಹೋದ. ಚಿತ್ರ ಬಹಳ ಹೆಸರು ಮಾಡಿತು. ಅದನ್ನು ಕಂಡ ಸಿರಿವಂತರು ಊರನ್ನೇ ನೋಡಲು ಬರತೊಡಗಿದರು.

ದ್ರಾಕ್ಷಿ ಕೊಯ್ಲು ಮುಗಿದ ಮೇಲೆ ಮನೆಗೊಬ್ಬರು ಸೇರಿ ಕಾಲುವೆ ಸರಿಪಡಿಸುವುದು ಆ ಊರಿನ ರೂಢಿ. ಈ ಸಲ ಜನ ಕಲ್ಲು ಹೊತ್ತು ಬಂದರೆ ಊರಿನ ಮುಖ್ಯಸ್ಥ ಕೊಸಿಮೊ ಅಡ್ಡ ನಿಂತ.

"ಕಮಾನು ಕಟ್ಟಿಬಿಟ್ರೆ ಚಿತ್ರದ ಹಾಗೆ ಕಾಣುತ್ತಾ? ಆಮೇಲೆ ನೋಡೋಕೆ ಯಾರು ಬರ್ತಾರೆ? ಮುಟ್ಟಬೇಡಿ!"

ಮುದುಕಿ ಅಸುಂತಾಳಿಗೆ ಮೈಯೆಲ್ಲ ಉರಿದುಹೋಯಿತು. "ನನ್ನ ಸೊಸೆ ರೊಸೀನಾ ತುಂಬು ಬಸುರಿ, ಯಜಮಾನರೇ. ನಿನ್ನೆ ನೀರು ಹೊತ್ತು ಬರುವಾಗ ಕಾಲು ಜಾರಿ ಬಿದ್ಲು. ಇನ್ನೊಂದ್ಸಲ ಬಿದ್ರೆ ಮಗು ಉಳಿಯುತ್ತಾ?"

"ಕೊಡ ಹೊತ್ತಾಗ ನಿನ್ನ ಸೊಸೆ ಎಷ್ಟು ಲಕ್ಷಣವಾಗಿ ಕಾಣ್ತಾಳಮ್ಮ!" ಎಂದು ಕೊಸಿಮೊ ನಕ್ಕ.

ನಗು ಬಂತಂತೆ ಅವನಿಗೆ! ಒಂದೇ ಒಂದು ದಿನ ತುಂಬಿದ ಕೊಡ ಹೊತ್ತಿದ್ದರೆ ಆ ನಗು ಎಲ್ಲಿರುತ್ತಿತ್ತು? ಅಸುಂತಾ ಹಲ್ಲು ಕಚ್ಚಿಕೊಂಡು ಮನೆಗೆ ಹೋದಳು. ಅಂದು ಸಂಜೆಯೇ ಊರಿನ ಹೆಂಗಸರನ್ನೆಲ್ಲ ಸೇರಿಸಿ ಮಾತಾಡಿದಳು.

ಭಾನುವಾರ ದೊಡ್ಡ ಮನುಷ್ಯರ ಗುಂಪೊಂದು ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂತು. ದಾರಿಯುದ್ದಕ್ಕೂ ಹೆಂಗಸರು ಕೊಡ ಹೊತ್ತು ಸಾಲಾಗಿ ನಿಂತಿದ್ದರು. "ಆಹಾ, ಥೇಟ್ ಚಿತ್ರವೇ!" ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಕೊಸಿಮೊ ಹಿಗ್ಗಿಹೋದ. ಅಷ್ಟರಲ್ಲಿ ಬಂದವರಲ್ಲೊಬ್ಬ ಹೆಂಗಸು ಬಾಯಾರಿ ನೀರು ಕೇಳಿದಳು.

"ಅಸುಂತಾ, ಅಮ್ಮನೋರಿಗೆ ನೀರು ಕೊಡು" ಎಂದ ಕೊಸಿಮೊ.

ಅಸುಂತಾ ಕೊಡ ಇಳಿಸಿ ಬೋರಲು ಹಾಕಿದಳು. ಒಂದು ತೊಟ್ಟೂ ಬೀಳಲಿಲ್ಲ. ಉಳಿದ ಹೆಂಗಸರೂ ಹಾಗೇ ಮಾಡಿದರು.

"ಚಿತ್ರದ ಹಾಗೇ ನಿಂತಿದೀವಲ್ಲ, ಯಜಮಾನರೇ. ಚಿತ್ರದ ಕೊಡದಲ್ಲಿ ನೀರು ಎಲ್ಲಿಂದ ಬರಬೇಕು? ನಿಜವಾದ ನೀರು ಬೇಕಾದ್ರೆ ಕೊಡ ತಗೊಳ್ಳಿ, ಇಳೀರಿ ಕಣಿವೆಗೆ!" ಎಂದಳು ಅಸುಂತಾ.

ಅತಿಥಿಗಳೆಲ್ಲ ಕೊಸಿಮೊನನ್ನೇ ನೋಡಿದರು. ವಿಧಿಯಿಲ್ಲದೆ ಅವನೇ ಇಳಿದ. ಹತ್ತಿ ಬರುವಷ್ಟರಲ್ಲಿ ಅಂಗಿ ಬೆವರಿನಿಂದ ತೊಯ್ದಿತ್ತು, ಅರ್ಧ ನೀರು ದಾರಿಯಲ್ಲೇ ಚೆಲ್ಲಿತ್ತು. ಎಷ್ಟು ಚೆಂದ ಎಂದು ಯಾರೂ ಅನ್ನಲಿಲ್ಲ. ಅವನು ಕೊಡ ಕೆಳಗಿಟ್ಟು, ಅಸುಂತಾಳ ಮುಖ ನೋಡಲಾರದೆ, "ನಾಳೆಯೇ ಕಮಾನು ಕಟ್ಟಿ" ಎಂದ.

ಕಮಾನು ಎದ್ದಿತು. ನೋಡಲು ಬರುವವರು ಕಡಿಮೆಯಾದರು. ಆಗಲಿ ಬಿಡಿ! ರೊಸೀನಾಳ ಮಗುವಿನ ಮೊದಲ ಸ್ನಾನಕ್ಕೆ ನೀರು ಮನೆ ಬಾಗಿಲಿಗೇ ಹರಿದು ಬಂತು.

ನೀತಿ: ಇನ್ನೊಬ್ಬರ ಕಷ್ಟ ದೂರದಿಂದ ಚೆಂದ ಕಾಣಬಹುದು. ಆ ಚೆಂದಕ್ಕಾಗಿ ಅವರನ್ನು ಕಷ್ಟದಲ್ಲೇ ಉಳಿಸುವುದು ಅನ್ಯಾಯ. ಹೊರೆಯನ್ನು ಹೊಗಳುವ ಮೊದಲು ಅದನ್ನು ಒಮ್ಮೆ ಹೊತ್ತು ನೋಡಿ.